ಹಣ್ಣುನೊಣ ತಡೆಯುವುದು ಹೇಗೆ? ಕೆಲಸ ಶುರುವಾಗಬೇಕಾದ್ದು ಮರದ ಬುಡದಿಂದ

ಮಾವು ಬಲಿತು ಬಣ್ಣ ತಿರುಗುವ ಹೊತ್ತಿಗೆ ಹಣ್ಣಿನೊಳಗೆ ಹುಳ ಕಂಡರೆ, ಬಹಳಷ್ಟು ಬೆಳೆಗಾರರು ಮೊದಲು ಹುಡುಕುವುದು ಔಷಧಿ ಪಂಪನ್ನು. ಹಣ್ಣುನೊಣದ ವಿಷಯದಲ್ಲಿ ಆ ಶ್ರಮ ಹೆಚ್ಚಿನಂಶ ವ್ಯರ್ಥ. ಮೊಟ್ಟೆ ಇರುವುದು ಸಿಪ್ಪೆಯ ಕೆಳಗೆ, ಹುಳ ಇರುವುದು ತಿರುಳಿನಲ್ಲಿ, ಹುಳ ನೊಣವಾಗಿ ಮಾರ್ಪಡುವ ಕೋಶ ಇರುವುದು ಮಣ್ಣಿನಲ್ಲಿ. ಎಲೆಯ ಮೇಲೆ ಬಿದ್ದ ಔಷಧಿ ಈ ಮೂರರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಸಾಯುವುದು ಹಾರಾಡುತ್ತಿರುವ ನೊಣ ಮಾತ್ರ. ಅದರ ಜಾಗಕ್ಕೆ ಪಕ್ಕದ ತೋಟದಿಂದ ಬೇರೆ ನೊಣ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಮೇಲಾಗಿ, ಕೊಯ್ಲು ಹತ್ತಿರವಿದ್ದಾಗ ಹೊಡೆದ ಔಷಧಿಯ ಅಂಶ ಹಣ್ಣಿನಲ್ಲೇ ಉಳಿದು ತಿನ್ನುವವರ ಹೊಟ್ಟೆ ಸೇರುತ್ತದೆ. ಆದ್ದರಿಂದ ಹಣ್ಣುನೊಣದ ನಿರ್ವಹಣೆ ಕೊಯ್ಲಿಗೆ ಎರಡು ತಿಂಗಳು ಮೊದಲೇ ಶುರುವಾಗಬೇಕು, ಅದೂ ಮರದ ಬುಡದಿಂದ.

ನೊಣವನ್ನು ಗುರುತಿಸಿ

ಮಾವು, ಸೀಬೆ, ಪಪ್ಪಾಯಿ, ಸಪೋಟ ಹೀಗೆ ಹತ್ತಾರು ಹಣ್ಣುಗಳನ್ನು ಕಾಡುವ ಮುಖ್ಯ ಜಾತಿಯ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಸುಮಾರು 8 ಮಿ.ಮೀ. ಉದ್ದ, ಪಾರದರ್ಶಕ ರೆಕ್ಕೆ, ಎದೆಯ ಮೇಲೆ ಎರಡು ಹಳದಿ ಪಟ್ಟಿ, ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದ ಕಪ್ಪು ಗುರುತು. ಕೊಳೆತ ಹಣ್ಣಿಗೆ ಮುತ್ತುವ ಪುಟಾಣಿ ನೊಣಗಳು ಇವಲ್ಲ. ಅವು ಹಣ್ಣು ಹಾಳಾದ ಮೇಲೆ ಬರುತ್ತವೆ, ಹಣ್ಣುನೊಣ ಚೆನ್ನಾಗಿರುವ ಹಣ್ಣನ್ನೇ ಹಾಳುಮಾಡುತ್ತದೆ.

ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಒಂದೆರಡು ದಿನಕ್ಕೆ ಮೊಟ್ಟೆ ಒಡೆದು ಹುಳ ಹೊರಬರುತ್ತದೆ. ವಾರ, ಹತ್ತು ದಿನ ತಿರುಳು ತಿಂದು ಬೆಳೆದ ಹುಳ ಹಣ್ಣಿನಿಂದ ಜಿಗಿದು ಮಣ್ಣಿಗಿಳಿಯುತ್ತದೆ. ಕೆಲವೇ ಸೆಂ.ಮೀ. ಆಳದಲ್ಲಿ ಕೋಶವಾಗಿ, ಸುಮಾರು ಹತ್ತು–ಹನ್ನೆರಡು ದಿನಗಳಲ್ಲಿ ನೊಣವಾಗಿ ಮೇಲೇಳುತ್ತದೆ. ಹೊಸದಾಗಿ ಹುಟ್ಟಿದ ಹೆಣ್ಣು ಕೂಡಲೇ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಬಲಿಯಲು ಅದಕ್ಕೆ ಪ್ರೋಟೀನ್ ಬೇಕು, ಅದಕ್ಕಾಗಿ ವಾರಕ್ಕೂ ಹೆಚ್ಚು ಕಾಲ ಎಲೆ, ತೊಗಟೆಗಳ ಮೇಲೆ ಆಹಾರ ಹುಡುಕುತ್ತಾ ಅಲೆಯುತ್ತದೆ. ಈ ಅಲೆದಾಟದ ದಿನಗಳೇ ಅದನ್ನು ಹಿಡಿಯಲು ಸರಿಯಾದ ಸಮಯ.

ಕಾಯಿಯ ಮೇಲಿನ ಚುಚ್ಚು ಗುರುತು ಸೂಜಿಮೊನೆಯಷ್ಟು ಸಣ್ಣದು. ಮಾವಿನಲ್ಲಿ ಅಲ್ಲಿಂದ ಒಂದು ಹನಿ ಅಂಟು ಒಸರಿ ಒಣಗಿರುತ್ತದೆ. ದಿನ ಕಳೆದಂತೆ ಸುತ್ತ ಕಂದು ಬಣ್ಣ ಹರಡಿ, ಬೆರಳಲ್ಲಿ ಒತ್ತಿದರೆ ಆ ಭಾಗ ಮೆತ್ತಗಿರುತ್ತದೆ. ಅನುಮಾನ ಬಂದರೆ ಹರಿತವಾದ ಚಾಕುವಿನಿಂದ ಆ ಜಾಗದ ಸಿಪ್ಪೆಯನ್ನು ತೆಳ್ಳಗೆ, ಓರೆಯಾಗಿ ಎಬ್ಬಿಸಿ ನೋಡಿ. ಬಿಳಿಯ, ಸುಮಾರು 1 ಮಿ.ಮೀ. ಉದ್ದದ, ಕೊಂಚ ಬಾಗಿದ ಮೊಟ್ಟೆಗಳು ಗುಂಪಾಗಿ ಕಂಡರೆ ಖಚಿತ. ಶಿಲೀಂಧ್ರದಿಂದ ಬರುವ ಚಿಬ್ಬು ರೋಗದ ಕಪ್ಪು ಕಲೆಯನ್ನೂ ನೊಣದ ಕಲೆ ಎಂದು ತಪ್ಪಾಗಿ ತಿಳಿಯುವುದುಂಟು. ಆ ಕಲೆಯ ಕೆಳಗೆ ಮೊಟ್ಟೆಯೂ ಇರುವುದಿಲ್ಲ, ಹುಳ ಸಾಗಿದ ದಾರಿಯೂ ಇರುವುದಿಲ್ಲ.

ಉದುರಿದ ಹಣ್ಣು ಬಿಡಬೇಡಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದೂ, ಎಲ್ಲರೂ ಹೆಚ್ಚು ಅಸಡ್ಡೆ ಮಾಡುವುದೂ ಇದೇ ಕೆಲಸ. ಹುಳ ಬಿದ್ದ ಒಂದು ಹಣ್ಣು ಮರದಡಿ ಕೊಳೆತರೆ ಅದರಿಂದ ಹತ್ತಾರು ನೊಣಗಳು ಎದ್ದು ಬರುತ್ತವೆ. ಬಲೆಗೆ ದುಡ್ಡು ಖರ್ಚು ಮಾಡಿ ಉದುರಿದ ಹಣ್ಣನ್ನು ಹಾಗೇ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ವಾರಕ್ಕೆ ಕಡಿಮೆಯೆಂದರೆ ಎರಡು ಬಾರಿ ಆರಿಸಬೇಕು. ಹಣ್ಣಾಗುವ ಕಾಲದಲ್ಲಿ ದಿನ ಬಿಟ್ಟು ದಿನ ಆರಿಸಿದರೆ ಇನ್ನೂ ಒಳ್ಳೆಯದು. ಹುಳ ಹಣ್ಣು ಬಿಟ್ಟು ಮಣ್ಣಿಗಿಳಿಯುವ ಮೊದಲೇ ಹಣ್ಣು ನಮ್ಮ ಕೈಸೇರಬೇಕು, ತಡವಾದರೆ ಆರಿಸುವುದು ಬರೀ ಖಾಲಿ ಸಿಪ್ಪೆಯನ್ನು. ಮರದಲ್ಲೇ ಉಳಿದ, ಚುಚ್ಚು ಗುರುತಿರುವ ಹಣ್ಣುಗಳನ್ನೂ ಕಿತ್ತುಬಿಡಿ.

ಆರಿಸಿದ್ದನ್ನು ಬದುವಿನ ಮೇಲೋ ಗೊಬ್ಬರದ ಗುಂಡಿಗೋ ಸುರಿದರೆ ನೊಣದ ಹುಟ್ಟುತಾಣದ ಜಾಗ ಬದಲಾಯಿತೇ ಹೊರತು ಬೇರೇನೂ ಆಗಲಿಲ್ಲ. ದಪ್ಪನೆಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ನೇರ ಬಿಸಿಲಲ್ಲಿಡಿ. ಒಳಗಿನ ಶಾಖಕ್ಕೆ ಹುಳಗಳು ಸಾಯುತ್ತವೆ. ಚೀಲದಲ್ಲಿ ತೂತಿರಬಾರದು. ಹೂಳುವುದಾದರೆ ಹಣ್ಣಿನ ಮೇಲೆ ಎರಡು ಅಡಿ ಮಣ್ಣು ಬಿದ್ದು ಗಟ್ಟಿಯಾಗಿ ತುಳಿದಿರಬೇಕು. ಅರ್ಧ ಅಡಿ ಮಣ್ಣಿನ ಕೆಳಗಿಂದ ನೊಣ ಸುಲಭವಾಗಿ ಮೇಲೆ ಬರುತ್ತದೆ. ಮರದ ನೆರಳು ಬೀಳುವಷ್ಟು ಜಾಗವನ್ನು ಆಗಾಗ ಮೇಲ್ಮೇಲೆ ಕೆದಕಿದರೆ ಕೋಶಗಳು ಬಿಸಿಲಿಗೂ ಇರುವೆ, ಹಕ್ಕಿಗಳಿಗೂ ಸಿಗುತ್ತವೆ. ಬೇರಿಗೆ ಪೆಟ್ಟಾಗುವಷ್ಟು ಆಳ ಬೇಡ.

ಮೋಹಕ ಬಲೆ

ಗಂಡು ಹಣ್ಣುನೊಣಗಳು ಮೀಥೈಲ್ ಯೂಜಿನಾಲ್ ಎಂಬ ರಾಸಾಯನಿಕದ ವಾಸನೆಗೆ ದೂರದಿಂದಲೇ ಬರುತ್ತವೆ. ತುಳಸಿಯಲ್ಲೂ ಇದೇ ಅಂಶವಿದೆ. ತುಳಸಿ ಎಲೆ ಜಜ್ಜಿಟ್ಟರೆ ನೊಣ ಬರುವುದು ನಿಜ, ಆದರೆ ಆ ವಾಸನೆ ಬೇಗ ಆರಿಹೋಗುವುದರಿಂದ ತೋಟದ ಪ್ರಮಾಣದಲ್ಲಿ ಅದನ್ನು ನಂಬಿಕೊಳ್ಳುವಂತಿಲ್ಲ.

ಬಲೆ ಎಂದರೆ ಈ ಮದ್ದು ಹೀರಿಸಿದ ಮರದ ತುಂಡನ್ನು ಒಳಗೆ ತೂಗಿಬಿಟ್ಟ ಬಾಟಲಿ. ಆ ತುಂಡನ್ನು ನೀವೇ ತಯಾರಿಸಿಕೊಳ್ಳಬಹುದು. ಪೇಂಟು, ವಾರ್ನಿಷ್ ಬಳಿಯದ ಪ್ಲೈವುಡ್ಡನ್ನು 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪಕ್ಕೆ ಕತ್ತರಿಸಿ. ಆಲ್ಕೋಹಾಲ್ 6 ಪಾಲು, ಮೀಥೈಲ್ ಯೂಜಿನಾಲ್ 4 ಪಾಲು, ಮ್ಯಾಲಾಥಿಯಾನ್ 50 ಇ.ಸಿ. ಎಂಬ ಕೀಟನಾಶಕ 1 ಪಾಲು ಬೆರೆಸಿ. ಅಂದರೆ 600 ಮಿ.ಲೀ., 400 ಮಿ.ಲೀ., 100 ಮಿ.ಲೀ. ಆಲ್ಕೋಹಾಲ್ ಇರುವುದು ದ್ರಾವಣ ಮರದೊಳಕ್ಕೆ ಇಳಿಯಲೆಂದು. ಗಾಜು ಅಥವಾ ಸ್ಟೀಲಿನ ಮುಚ್ಚಳದ ಡಬ್ಬಿಯಲ್ಲಿ ತುಂಡುಗಳನ್ನು ಪೂರ್ತಿ ಮುಳುಗಿಸಿ 48 ಗಂಟೆ ಬಿಡಿ. ಮುಚ್ಚಳ ತೆರೆದಿದ್ದರೆ ಆಲ್ಕೋಹಾಲ್ ಆವಿಯಾಗಿ ಪ್ರಮಾಣ ಏರುಪೇರಾಗುತ್ತದೆ. ದ್ರಾವಣ ಬೇಗ ಬೆಂಕಿ ಹಿಡಿಯುವಂಥದ್ದು, ವಿಷವೂ ಹೌದು. ಒಲೆಯಿಂದ ದೂರ, ಗಾಳಿಯಾಡುವ ಜಾಗದಲ್ಲಿ, ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಿ.

ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗದಲ್ಲಿ ಎದುರುಬದುರಾಗಿ ಸುಮಾರು 2 ಸೆಂ.ಮೀ. ಅಗಲದ ಎರಡರಿಂದ ನಾಲ್ಕು ರಂಧ್ರ ಮಾಡಿ. ಮುಚ್ಚಳದ ಮೂಲಕ ತಂತಿ ತೂರಿಸಿ, ತುಂಡು ರಂಧ್ರಗಳ ಮಟ್ಟದಲ್ಲೇ ತೂಗುವಂತೆ ಕಟ್ಟಿ. ಮಳೆನೀರು ಬಸಿಯಲು ತಳದಲ್ಲಿ ಸೂಜಿಯಿಂದ ಸಣ್ಣ ತೂತುಗಳಿರಲಿ. ತಂತಿಗೆ ಗ್ರೀಸ್ ಸವರಿ, ಇಲ್ಲವಾದರೆ ಇರುವೆಗಳು ಸತ್ತ ನೊಣಗಳನ್ನು ಹೊತ್ತೊಯ್ದು ಎಷ್ಟು ಬಿದ್ದಿವೆ ಎಂಬ ಲೆಕ್ಕವೇ ಸಿಗುವುದಿಲ್ಲ.

ಎಕರೆಗೆ ಐದಾರು ಬಲೆ ಸಾಕು. ನಾಲ್ಕರಿಂದ ಆರು ಅಡಿ ಎತ್ತರದಲ್ಲಿ, ನೆರಳಿರುವ ಕೊಂಬೆಗೆ, ಎಲೆಗಳು ರಂಧ್ರಕ್ಕೆ ಅಡ್ಡ ಬರದಂತೆ ಕಟ್ಟಿ. ನೇರ ಬಿಸಿಲಿಗೆ ಮದ್ದು ಬೇಗ ಆರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ತುಂಡು ಬದಲಾಯಿಸಿ. ಹಳೆಯ ತುಂಡನ್ನು ತೋಟದಲ್ಲಿ ಎಸೆಯಬೇಡಿ. ಬಾಟಲಿಯ ಹೊರಮೈಗೆ ಮದ್ದು ತಾಗಿದ್ದರೆ ನೊಣಗಳು ಒಳಗೆ ಹೋಗದೆ ಹೊರಗೇ ಕೂತಿರುತ್ತವೆ. ‘ಬಲೆಗೆ ನೊಣ ಬೀಳುತ್ತಿಲ್ಲ’ ಎಂಬ ಎಷ್ಟೋ ದೂರುಗಳ ಮೂಲ ಇಷ್ಟೇ.

ಬಲೆ ತುಂಬ ನೊಣ ಬಿದ್ದಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಬಿದ್ದಿರುವುದೆಲ್ಲ ಗಂಡು. ಉಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಗಂಡುಗಳ ಸಂಖ್ಯೆ ತೀರಾ ಕುಸಿದಾಗ ಮಾತ್ರ ಹೆಣ್ಣುಗಳು ಜೋಡಿಯಿಲ್ಲದೆ ಉಳಿಯುತ್ತವೆ. 1960ರ ದಶಕದಲ್ಲಿ ಶಾಂತ ಸಾಗರದ ರೋಟಾ ದ್ವೀಪದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕ ಹೀರಿಸಿದ ತುಂಡುಗಳನ್ನು ಹರಡಿ ಈ ನೊಣವನ್ನು ಪೂರ್ತಿ ನಿರ್ಮೂಲ ಮಾಡಿದರು. ಸುತ್ತಲೂ ಸಮುದ್ರವಿದ್ದುದರಿಂದ ಹೊರಗಿನಿಂದ ನೊಣ ಬರುವ ಭಯವಿರಲಿಲ್ಲ. ನಮ್ಮ ತೋಟಗಳಿಗೆ ಆ ಅನುಕೂಲವಿಲ್ಲ. ಅಕ್ಕಪಕ್ಕದ ತೋಟದವರು ಒಂದೇ ವಾರದಲ್ಲಿ ಒಟ್ಟಾಗಿ ಬಲೆ ಕಟ್ಟಿದರೆ ಸಿಗುವ ಫಲ, ಒಬ್ಬರೇ ಎರಡು ಪಟ್ಟು ಬಲೆ ಕಟ್ಟಿದರೂ ಸಿಗದು.

ಇನ್ನೊಂದು ಎಚ್ಚರಿಕೆ: ಸೌತೆ, ಹಾಗಲ, ಕುಂಬಳದ ನೊಣ ಈ ಮದ್ದಿಗೆ ಬರುವುದಿಲ್ಲ, ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಮೋಹಕ ಬೇಕು. ಬೋರೆ ಹಣ್ಣಿನ ನೊಣವೂ ಮೀಥೈಲ್ ಯೂಜಿನಾಲ್‌ಗೆ ಬರುವುದಿಲ್ಲ.

ಹೆಣ್ಣಿಗೆ ವಿಷದ ಊಟ

10 ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಕರಗಿಸಿ ಸೋಸಿ, ನಿಮ್ಮ ಬೆಳೆಗೆ ಅನುಮತಿಯಿರುವ ಕೀಟನಾಶಕವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಸೇರಿಸಿ. ಬೆಲ್ಲದ ಬದಲು ಪ್ರೋಟೀನ್ ಹೈಡ್ರೊಲೈಸೇಟ್ (ಒಡೆದು ನೀರಲ್ಲಿ ಕರಗುವಂತೆ ಮಾಡಿದ ಪ್ರೋಟೀನ್) ಸಿಕ್ಕರೆ ಅದೇ ಮೇಲು, ಹೆಣ್ಣು ಹುಡುಕುತ್ತಿರುವುದು ಅದನ್ನೇ. ಮರವನ್ನೆಲ್ಲ ತೋಯಿಸಬೇಡಿ. ಕಾಂಡಕ್ಕೂ ಕೆಳಗಿನ ಎಲೆಗಳ ಅಡಿಭಾಗಕ್ಕೂ ಮರವೊಂದಕ್ಕೆ 100ರಿಂದ 150 ಮಿ.ಲೀ. ದಪ್ಪ ಹನಿಗಳಾಗಿ ಬಿದ್ದರೆ ಸಾಕು. ಹಣ್ಣಿಗೆ ತಾಗಬಾರದು. ವಾರಕ್ಕೊಮ್ಮೆ ಹಾಕಿ, ಮಳೆ ಬಂದು ತೊಳೆದುಹೋದರೆ ಮತ್ತೆ ಹಾಕಿ. ಮರದಲ್ಲಿ ಹೂವಿದ್ದಾಗ ಇದು ಬೇಡವೇ ಬೇಡ, ಸಿಹಿಗೆ ಜೇನ್ನೊಣಗಳೂ ಬಂದು ಸಾಯುತ್ತವೆ. ಔಷಧಿ ನಿಮ್ಮ ಬೆಳೆಗೆ ಬಳಸಲು ಅನುಮತಿಯಿರುವುದೇ, ಕೊನೆಯ ಬಳಕೆಗೂ ಕೊಯ್ಲಿಗೂ ಎಷ್ಟು ದಿನ ಅಂತರ ಬೇಕು ಎಂಬುದನ್ನು ಡಬ್ಬಿಯ ಮೇಲೆ ಓದಿಕೊಂಡು ಹಾಗೆಯೇ ನಡೆಯಿರಿ.

ಚೀಲ ಕಟ್ಟುವುದು

ಮರ ಗಿಡ್ಡವಾಗಿದ್ದು ಕೈಗೆ ಕಾಯಿ ಎಟುಕುವಂತಿದ್ದರೆ ಇದಕ್ಕಿಂತ ಖಾತ್ರಿಯಾದ ಉಪಾಯವಿಲ್ಲ. ಮಾವಿಗೆ ಕಾಯಿ ಕೋಳಿಮೊಟ್ಟೆ ಗಾತ್ರಕ್ಕೆ ಬಂದಾಗ, ಸೀಬೆಗೆ ನಿಂಬೆ ಗಾತ್ರಕ್ಕೂ ಮುಂಚೆ ಕಾಗದದ ಚೀಲ ತೊಡಿಸಿ, ತೊಟ್ಟಿಗೆ ಸುತ್ತಿ ಬಿಗಿಯಿರಿ. ತಡ ಮಾಡಿದರೆ ಆಗಲೇ ಚುಚ್ಚಿದ ಕಾಯಿಗೆ ಕಾವಲು ಹಾಕಿದಂತಾಗುತ್ತದೆ. ಚೀಲದ ಕೆಳಮೂಲೆಯಲ್ಲಿ ನೀರು ಬಸಿಯಲು ಸಣ್ಣ ಸೀಳಿರಲಿ. ಕಾಯಿ ಒದ್ದೆಯಿದ್ದಾಗ ಕಟ್ಟಿದರೆ ಒಳಗೆ ಚಿಬ್ಬು ರೋಗ ಹೆಚ್ಚುತ್ತದೆ. ತೊಟ್ಟಿನ ಬಳಿ ಹಿಟ್ಟು ತಿಗಣೆಯಿದ್ದರೆ ಮೊದಲು ಅದನ್ನು ತೆಗೆಯಿರಿ. ಚೀಲದೊಳಗೆ ಅದನ್ನು ತಿನ್ನುವ ಶತ್ರುಕೀಟಗಳು ಬರಲಾರವು, ಹಾಗಾಗಿ ಅದು ನಿರಾತಂಕವಾಗಿ ಬೆಳೆಯುತ್ತದೆ.

ಮರದಲ್ಲಿ ಚಗಳಿ ಇರುವೆಯ ಗೂಡಿದ್ದರೆ ಕೀಳದಿರುವುದು ಒಳ್ಳೆಯದು. ಅವು ಓಡಾಡಿದ ಕಾಯಿಯ ಮೇಲೆ ಮೊಟ್ಟೆಯಿಡಲು ಹಣ್ಣುನೊಣ ಹಿಂಜರಿಯುತ್ತದೆ. ಕೊಯ್ಲಿನ ದಿನ ಅವುಗಳ ಕಡಿತ ತಪ್ಪಿದ್ದಲ್ಲ.

ಕೊಯ್ಲು ಮತ್ತು ಬಿಸಿನೀರು

ಮರದಲ್ಲೇ ಹಣ್ಣಾಗಲು ಬಿಟ್ಟಷ್ಟೂ ನೊಣಕ್ಕೆ ಅವಕಾಶ ಹೆಚ್ಚು. ಮಾವನ್ನು ತೊಟ್ಟಿನ ಇಕ್ಕೆಲದ ಭುಜ ತುಂಬಿ ಬಲಿತ ಹಸಿರು ಕಾಯಿಯಲ್ಲೇ, ಸೀಬೆಯನ್ನು ಹಸಿರು ತಿಳಿಯಾಗುತ್ತಿದ್ದಂತೆಯೇ ಕೊಯ್ಯಿರಿ.

ಕೊಯ್ದ 24 ಗಂಟೆಯೊಳಗೆ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ನಿಮಿಷ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆ, ಹುಳಗಳು ಸಾಯುತ್ತವೆ. ಕೈಯಿಟ್ಟು ನೋಡಿದ ಅಂದಾಜು ಇಲ್ಲಿ ನಡೆಯುವುದಿಲ್ಲ. ತೊಟ್ಟಿಯ ಎರಡು ಕಡೆ ಥರ್ಮಾಮೀಟರ್ ಇಟ್ಟು, ನೀರು ಸದಾ ಕಲಕುತ್ತಿರುವಂತೆ ನೋಡಿಕೊಳ್ಳಬೇಕು. ಶಾಖ ಕಡಿಮೆಯಾದರೆ ಹುಳ ಉಳಿಯುತ್ತದೆ, ಹೆಚ್ಚಾದರೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ಸರಿಯಾಗಿ ಬಲಿಯದ ಕಾಯಿಗಳನ್ನು ಮೊದಲೇ ಬೇರ್ಪಡಿಸಿ, ಅವು ಈ ಶಾಖ ತಾಳಲಾರವು. 52 ಡಿಗ್ರಿಯಲ್ಲಿ ಐದರಿಂದ ಹತ್ತು ನಿಮಿಷ ಅದ್ದುವ ಪದ್ಧತಿ ಚಿಬ್ಬು ರೋಗಕ್ಕೆ ಸಂಬಂಧಿಸಿದ್ದು. ಅಷ್ಟು ಹೊತ್ತಿನಲ್ಲಿ ಶಾಖ ತಿರುಳಿನ ಆಳಕ್ಕೆ ತಲುಪದ ಕಾರಣ ಹುಳ ಸಾಯುವುದಿಲ್ಲ.

ಕೊಯ್ಲು ಮುಗಿದ ಮೇಲೆ ಬಲೆ ಬಿಚ್ಚಬೇಡಿ. ತುದಿಕೊಂಬೆಯಲ್ಲಿ ಉಳಿದ ಒಂದೆರಡು ಹಣ್ಣು, ಬೇಲಿ ಬದಿಯ ಕಾಡುಸೀಬೆ ಇವುಗಳಲ್ಲೇ ನೊಣ ಮುಂದಿನ ಫಸಲಿನವರೆಗೆ ಸಂತತಿ ಉಳಿಸಿಕೊಳ್ಳುತ್ತದೆ. ಆ ಹಣ್ಣುಗಳನ್ನೂ ಉದುರಿಸಿ ಚೀಲಕ್ಕೆ ಹಾಕಿ, ಕೊನೆಯ ಹಣ್ಣು ಬಿದ್ದ ಒಂದು ತಿಂಗಳವರೆಗಾದರೂ ಬಲೆಯಲ್ಲಿ ಹೊಸ ತುಂಡು ಇರುವಂತೆ ನೋಡಿಕೊಳ್ಳಿ.