ಹಿತ್ತಾಳೆ ಇಂಜಿನ್ನಿಗೆ ನಾನು ರಿವೆಟ್ ಕೂರಿಸಿದ್ದು

ನನ್ನ ಪುಟ್ಟ ಮಾದರಿ ರೈಲು ಇಂಜಿನ್ನಿನಲ್ಲಿ, ಕಲ್ಲಿದ್ದಲು ತುಂಬುವ ಬಂಕರಿನ ಹಿಂದಿನ ತಗಡಿಗೆ ನಾನೇ ಗುರುತು ಹಾಕಿಕೊಂಡು 68 ರಿವೆಟ್ (ತಗಡು ಜೋಡಿಸುವ ಗುಂಡು ತಲೆಯ ಮೊಳೆ) ಒತ್ತಿ ಮುಗಿಸಿ, ತಿರುಗಿಸಿ ನೋಡಿದೆ. ಸಾಲು ಚೆಂದ ಬಂದಿತ್ತು. ಆದರೆ ಬಲಗಡೆ ಇರಬೇಕಾದ ಮೆಟ್ಟಿಲಿನ ಜಾಗ ಎಡಗಡೆ ಕೂತಿತ್ತು. ರಿವೆಟ್ ಒತ್ತುವುದು ತಗಡಿನ ಬೆನ್ನಿನಿಂದ ಅಲ್ವಾ? ಎಡ ಬಲ ಅದಲು ಬದಲಾಗುತ್ತದೆ ಅನ್ನುವುದೇ ತಲೆಯಲ್ಲಿರಲಿಲ್ಲ. ಎರಡು ರಾತ್ರಿಯ ಕೆಲಸ ಗುಜರಿಗೆ ಹೋಯಿತು.

ನಾನಿರುವುದು ಕಲಬುರಗಿಯಲ್ಲಿ. ಚಿಕ್ಕವನಿದ್ದಾಗ ವಾಡಿ ಜಂಕ್ಷನ್ನಿನಲ್ಲಿ ಸ್ಟೀಮ್ ಇಂಜಿನ್ ನೋಡುತ್ತಾ ನಿಂತು, ನಮ್ಮ ಗಾಡಿ ತಪ್ಪಿಸಿ, ಅಪ್ಪನ ಕೈಯಲ್ಲಿ ಏಟು ತಿಂದವನು. ಆ ಹುಚ್ಚು ಈಗ ಮೇಜಿನ ಮೇಲೆ ಬಂದು ಕೂತಿದೆ. ಹೊರದೇಶದಿಂದ ತರಿಸಿದ ಹಿತ್ತಾಳೆ ಕಿಟ್, 4 ಮಿ.ಮೀ. ಸ್ಕೇಲ್. ಅಂದರೆ ನಿಜವಾದ ಇಂಜಿನ್ನಿನ ಒಂದು ಅಡಿ ಇಲ್ಲಿ ನಾಲ್ಕು ಮಿ.ಮೀ., ಸುಮಾರು 76ರಲ್ಲಿ ಒಂದು ಪಾಲು. ಬ್ರಿಟನ್ನಿನ ಹಳೇ ಆರು ಚಕ್ರದ ಟ್ಯಾಂಕ್ ಇಂಜಿನ್. ಬಾಯ್ಲರಿನ ಎರಡೂ ಪಕ್ಕದಲ್ಲಿ ನೀರಿನ ತೊಟ್ಟಿ, ಹಿಂದೆ ಬಂಕರ್.

ಇಂಥ ಕಿಟ್‌ನ ತಗಡುಗಳನ್ನು ಆಸಿಡ್‌ನಲ್ಲಿ ಕೊರೆದಿರುತ್ತಾರೆ. ರಿವೆಟ್ ಬರಬೇಕಾದ ಕಡೆ ಬೆನ್ನಿಗೆ ಸಣ್ಣ ಗುಳಿ ಇರುತ್ತದೆ. ಅಲ್ಲಿ ಮೊನೆ ಇಟ್ಟು ಒತ್ತಿದರೆ ಮುಂಭಾಗದಲ್ಲಿ ಗುಳ್ಳೆ ಏಳುತ್ತದೆ. ನಿಜವಾದ ರಿವೆಟ್ ತಲೆ ಒಂದೂವರೆ ಇಂಚು ಅಂದುಕೊಂಡರೆ ನಮ್ಮದು ಅರ್ಧ ಮಿ.ಮೀ. ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು. ಅದು ಒಂದೇ ಒಂದು ಇದ್ದರೆ ಹೇಗಿದ್ದರೂ ನಡೆಯುತ್ತದೆ. ಸಾಲಿನಲ್ಲಿ ನಿಂತಾಗ ಮಾತ್ರ ಯಾವುದು ದಪ್ಪ, ಯಾವುದು ಸಣ್ಣ ಅಂತ ಕಣ್ಣು ತಕ್ಷಣ ಹಿಡಿಯುತ್ತದೆ. ಕಿಟ್‌ನ ತಗಡುಗಳಿಗೆ ಮೊದಮೊದಲು ನಾನು ಕೈಯಿಂದ ಒತ್ತುತ್ತಿದ್ದೆ. ಬೆಳಿಗ್ಗೆ ಒತ್ತಿದ್ದು ಎತ್ತರ, ರಾತ್ರಿ ಕೈ ಸೋತಾಗ ಒತ್ತಿದ್ದು ಚಪ್ಪಟೆ. ಎರಡು ಕಡೆ ತಗಡು ತೂತೇ ಆಯಿತು.

2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಬೀದರಿಗೆ ಹೋಗಲು ನನಗೆ ಕಾರಣ ಬೇಕಿಲ್ಲ. ಹಾಗೆ ಹೋದ ಒಂದು ದಿನ ಚೌಬಾರಾ ಗೋಪುರದ ಹತ್ತಿರ ಬಿದ್ರಿ ಕೆಲಸದ ಅಂಗಡಿಯಲ್ಲಿ ಕೂತೆ. ವಯಸ್ಸಾದ ಚಾಚಾ ಒಬ್ಬರು ಹೂದಾನಿಯ ಮೇಲೆ ಉಳಿಯಿಂದ ಬಳ್ಳಿ ಕೆತ್ತುತ್ತಿದ್ದರು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ. ಗೆರೆ ಕಾಣಲಿ ಅಂತ ಮೊದಲು ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡಿದ್ದರು. ಅವರ ಸುತ್ತಿಗೆ ಒಂದೇ ಎತ್ತರದಿಂದ ಏಳುತ್ತಿತ್ತು, ಒಂದೇ ಸದ್ದಿನಲ್ಲಿ ಬೀಳುತ್ತಿತ್ತು. ಜೇಬಿನಿಂದ ನನ್ನ ಕೆಟ್ಟ ತಗಡು ತೆಗೆದು ತೋರಿಸಿದೆ. ತಿರುವಿ ಮುರುವಿ ನೋಡಿದರು.

‘ಸರ್, ನೀವು ಜೋರ್ ಹಾಕ್ಲಿಕತ್ತೀರಿ. ಸುತ್ತಿಗಿ ಹೊಡಿಬ್ಯಾಡ್ರಿ, ಬಿಡ್ರಿ. ಅದರ ಭಾರಾನೇ ಕೆಲಸ ಮಾಡ್ತದ.’

ಅವರ ಕೈ ನನಗೆ ಈ ಜನ್ಮಕ್ಕೆ ಬರುವುದಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. ಮುರಿದ ಹೊಲಿಗೆ ಮಷೀನಿನ ಸೂಜಿಯ ತುದಿಯನ್ನು ಸಾಣೆ ಕಲ್ಲಿನ ಮೇಲೆ ಗುಂಡಗೆ ಉಜ್ಜಿದೆ. ಅದನ್ನು ನೆಟ್ಟಗೆ ಹಿಡಿಯುವ ಹಾಗೆ ಒಂದು ಕೊಳವೆ ನಿಲ್ಲಿಸಿ, ಮೇಲಿನಿಂದ 50 ಗ್ರಾಂ ತೂಕದ ಕಬ್ಬಿಣದ ಸರಳು ಜಾರುವಂತೆ ಮಾಡಿದೆ. ನಾಲ್ಕು ಸೆಂ.ಮೀ. ಎತ್ತುವುದು, ಬಿಡುವುದು. ಟಕ್. ಅಷ್ಟೇ. ನೂರನೇ ರಿವೆಟ್ಟೂ ಮೊದಲನೆಯದರ ಹಾಗೇ ಬರುತ್ತದೆ. ನಿಮ್ಮ ತಗಡು ದಪ್ಪ ಇದ್ದರೆ ಎತ್ತರ ಬದಲಾಗುತ್ತದೆ. ಮೊದಲು ಚೂರು ತಗಡಿನ ಮೇಲೆ ನೋಡಿಕೊಳ್ಳಿ.

ತಗಡಿನ ಅಡಿಗೆ ಏನಿಡುತ್ತೀರಿ ಅನ್ನುವುದೂ ಮುಖ್ಯ. ಬಿದ್ರಿಯವರು ಪಾತ್ರೆ ಹಿಡಿಸಲು ರಾಳ, ಮೇಣ ಬಳಸುವುದು ನೋಡಿ ನಾನೂ ಮೇಣದ ಮೇಲೆ ಇಟ್ಟೆ. ರಿವೆಟ್ ಏಳಲಿಲ್ಲ, ತಗಡೇ ತಟ್ಟೆಯ ಹಾಗೆ ತಗ್ಗಿತು. ಗಟ್ಟಿ ಮರದ ಮೇಲೆ ಗುಳ್ಳೆ ಪೂರ್ತಿ ಏಳಲಿಲ್ಲ. ಕೊನೆಗೆ ಒಗ್ಗಿದ್ದು ಸೀಸದ ತಗಡು. ಮೈಲುತುತ್ತವನ್ನೂ ಹಿತ್ತಾಳೆಗೆ ಸವರಿ ನೋಡಿದೆ, ಏನೂ ಆಗಲಿಲ್ಲ. ಅದರ ಆಟ ಸತುವಿನ ಮೇಲೆ ನಡೆಯುತ್ತದೆ, ಹಿತ್ತಾಳೆಯ ಮೇಲಲ್ಲ. ಸುಮ್ನೆ ಕಪ್ಪು ಮಾರ್ಕರ್ ಬಳಿದುಕೊಂಡೆ.

ಹೊಸ ಬಂಕರ್ ತಗಡನ್ನು 0.25 ಮಿ.ಮೀ. ಹಿತ್ತಾಳೆಯಲ್ಲಿ ನಾನೇ ಕತ್ತರಿಸಿದೆ. ಗುಳಿ ಇಲ್ಲದ ಬೋಳು ತಗಡು. 1.3 ಮಿ.ಮೀ. ಅಂತರದಲ್ಲಿ ಚುಕ್ಕಿ ಇರುವ ಕಾಗದ ಪ್ರಿಂಟ್ ತೆಗೆದು ಬೆನ್ನಿಗೆ ಅಂಟಿಸಿದೆ. ಈ ಸಲ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ! ಸಾಲು ಮುಗಿಯುವಷ್ಟರಲ್ಲಿ ತಗಡು ಹಪ್ಪಳದ ಹಾಗೆ ಸುರುಳುತ್ತದೆ. ಗಾಬರಿ ಬೇಡ, ಬೆರಳಿನಿಂದ ನಿಧಾನ ಎದುರು ದಿಕ್ಕಿಗೆ ಬಾಗಿಸಿದರೆ ಸರಿಯಾಗುತ್ತದೆ. ಸುತ್ತಿಗೆ ಮುಟ್ಟಿಸಿದಿರೋ, ಮಾಡಿದ್ದೆಲ್ಲಾ ಮಟ್ಟಸ.

ಒಂದು ಮಾತು. ಎಲ್ಲಾ ಕಡೆ ರಿವೆಟ್ ತುಂಬುವ ಚಪಲ ನನಗೂ ಇತ್ತು. ಆದರೆ ಎಷ್ಟೋ ಇಂಜಿನ್ನುಗಳಲ್ಲಿ ರಿವೆಟ್ ತಲೆಯನ್ನು ತಗಡಿನ ಮಟ್ಟಕ್ಕೇ ಕೂರಿಸಿರುತ್ತಿದ್ದರು, ಹೊರಗೆ ಕಾಣುವುದೇ ಇಲ್ಲ. ಒಂದೇ ಮಾದರಿಯ ಎರಡು ಇಂಜಿನ್ನಿನಲ್ಲೂ ವ್ಯತ್ಯಾಸ ಇರಬಹುದು. ನೀವು ಮಾಡುತ್ತಿರುವ ನಂಬರಿನ ಇಂಜಿನ್ನಿನದೇ ಫೋಟೋ ಹುಡುಕಿ.

ಹ್ಯಾಂಡ್‌ರೈಲು, ಪೈಪುಗಳಿಗೆ ತಂತಿ ಸಿಕ್ಕಿದ್ದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. 26 ಗೇಜ್ ತಾಮ್ರದ ತಂತಿ ಸುಮಾರು 0.45 ಮಿ.ಮೀ., ಸ್ಕೇಲಿಗೆ ಸರಿಯಾಗಿ ಕೂರುತ್ತದೆ. ಮೇಲಿನ ವಾರ್ನಿಷ್ ಕೆರೆದು, ಒಂದು ತುದಿ ವೈಸ್‌ಗೆ ಸಿಕ್ಕಿಸಿ, ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ತಂತಿ ಸ್ವಲ್ಪ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಅದು ನೆಟ್ಟಗೂ ಆಗಿರುತ್ತದೆ, ಬಿರುಸೂ ಆಗಿರುತ್ತದೆ.

ಮೊದಲು ಹಾಕಿದ ಬೆಸುಗೆ ಮತ್ತೆ ಕರಗಬಾರದು ಅಂದರೆ ಬಿಸಿಯ ಲೆಕ್ಕ ತಪ್ಪಬಾರದು. ಮೊದಲು 188 ಡಿಗ್ರಿಗೆ ಕರಗುವ ಮಾಮೂಲಿ ಸೋಲ್ಡರಿನಲ್ಲಿ ದೊಡ್ಡ ತಗಡುಗಳು, ಆಮೇಲೆ 145 ಡಿಗ್ರಿಯದರಲ್ಲಿ ಪೈಪು, ಹ್ಯಾಂಡ್‌ರೈಲು. ಬೇಗ ಕರಗುವ ಬಿಳಿ ಲೋಹದ ಎರಕದ ಬಿಡಿಭಾಗಗಳು ಕೊನೆಗೆ, 70 ಡಿಗ್ರಿಯ ಸೋಲ್ಡರಿನಲ್ಲಿ. ಈ 70 ಡಿಗ್ರಿಯದು ಹಿತ್ತಾಳೆಗೆ ನೇರ ಅಂಟುವುದಿಲ್ಲ, ಮೊದಲು ಮಾಮೂಲಿ ಸೋಲ್ಡರ್ ತೆಳ್ಳಗೆ ಸವರಿರಬೇಕು. ಆತುರಕ್ಕೆ ಬಿದ್ದು ಬೆಸುಗೆಯ ಬಿಸಿ ಐರನ್ ಮುಟ್ಟಿಸಿ ಬಿಳಿ ಲೋಹದ ಚಿಮಣಿಯನ್ನು ಬೆಣ್ಣೆಯ ಹಾಗೆ ಕರಗಿಸಿದವನು ನಾನು. ಬೆಸುಗೆ ಹಿಡಿಯಲಿ ಅಂತ ಸವರುವ ಫ್ಲಕ್ಸ್ ಉಳಿದರೆ ಹಸಿರು ಕಿಲುಬು ಹಿಡಿಯುತ್ತದೆ, ಅವತ್ತೇ ಹಳೇ ಟೂತ್‌ಬ್ರಷ್ಷಿನಲ್ಲಿ ತೊಳೆದುಬಿಡಿ.

ಬಣ್ಣ ಹೊಡೆಯಲು ನಮ್ಮೂರ ಬೇಸಿಗೆ ಬಲು ಕಷ್ಟ. ಮೇ ತಿಂಗಳ ಮಧ್ಯಾಹ್ನ ಪ್ರೈಮರ್ ಹೊಡೆದರೆ ಹನಿ ತಗಡು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಮೈಮೇಲೆಲ್ಲಾ ಧೂಳು ಕೂತ ಹಾಗೆ ಒರಟೊರಟಾಗುತ್ತದೆ. ಅದನ್ನು ಮುಚ್ಚಲು ಇನ್ನೊಂದು ಕೋಟ್ ಹೊಡೆದರೆ ರಿವೆಟ್ಟೆಲ್ಲಾ ಹೂತುಹೋಗುತ್ತದೆ. ಈಗ ನಾನು ಬೆಳಿಗ್ಗೆ ಐದೂವರೆಗೆ ಟೆರೇಸಿನಲ್ಲಿ ಇರುತ್ತೇನೆ. ತೆಳ್ಳಗೆ ಎರಡು ಕೈ ಹೊಡೆದು, ಇಂಜಿನ್ನನ್ನು ಓರೆಯಾಗಿ ಹಿಡಿಯುತ್ತೇನೆ. ಸೂರ್ಯ ಪಕ್ಕದ ಮನೆಯ ನೀರಿನ ಟ್ಯಾಂಕ್ ದಾಟಿ ಬರುವ ಹೊತ್ತಿಗೆ, ಬಂಕರಿನ ಮೇಲಿನ ಒಂದೊಂದು ರಿವೆಟ್ಟಿಗೂ ಒಂದೊಂದು ನೆರಳು ಬಿದ್ದಿರುತ್ತದೆ.