ಪಿಟೆನ್ ತೆಗೆದ ಕ್ಲೋನ್‌ನಲ್ಲಿ ಪಿ53 ಉಳಿದಿದೆಯೇ? ನನ್ನ ಅನುಭವ

ಗೆಡ್ಡೆ ತಡೆಯುವ ಜೀನ್ ಹೋದರೆ ಕೋಶ ಜೋರಾಗಿ ಬೆಳೆಯುತ್ತದೆ ಎಂಬ ಲೆಕ್ಕ, ಅಂಥದ್ದೇ ಜೀನ್ ಆದ ಪಿಟೆನ್ ವಿಷಯದಲ್ಲಿ ತಲೆಕೆಳಗಾಗುತ್ತದೆ. ಪಿಟೆನ್ ಪೂರ್ತಿ ಹೋದರೆ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಎಕೆಟಿ ಪ್ರೋಟೀನಿನ ಚಟುವಟಿಕೆ ಏರುತ್ತದೆ, ಅದರ ಬೆನ್ನಿಗೇ ಗೆಡ್ಡೆ ತಡೆಯುವ ಇನ್ನೊಂದು ಪ್ರೋಟೀನ್ ಪಿ53 ಎದ್ದು, ಪಿ21 ಎಂಬ ತಡೆ ಪ್ರೋಟೀನ್ ಮೂಲಕ ಕೋಶ ವಿಭಜನೆ ನಿಲ್ಲಿಸುತ್ತದೆ. ಇಲಿಯ ಪ್ರಾಸ್ಟೇಟ್‌ನಲ್ಲಿ 2005ರಲ್ಲೇ ಇದು ಕಂಡಿತ್ತು: ಪಿಟೆನ್ ಒಂದೇ ಹೋದಾಗ ಗೆಡ್ಡೆ ನಿಧಾನ, ಪಿ53 ಕೂಡ ಹೋದಾಗ ಮಾರಕ.

ಇದನ್ನು ತಟ್ಟೆಯಲ್ಲಿ ತೋರಿಸಲು ಹೀಲಾ ಕೋಶ (ಗರ್ಭಕಂಠ ಕ್ಯಾನ್ಸರ್‌ನಿಂದ ಬಂದದ್ದು) ಬೇಡ, ಅಲ್ಲಿ ಪಿ53 ಮತ್ತು ವಿಭಜನೆ ತಡೆಯುವ ಆರ್‌ಬಿ ಎರಡನ್ನೂ ವೈರಸ್ ಪ್ರೋಟೀನುಗಳು ಕಟ್ಟಿಹಾಕಿವೆ. ಸ್ತನ ಕೋಶ ಸಾಲಾದ ಎಂಸಿಎಫ್10ಎಯಲ್ಲಿ ಗೆಡ್ಡೆ ತಡೆಯುವ ಸಿಡಿಕೆಎನ್2ಎ ಜೀನ್ ಮೊದಲೇ ಇಲ್ಲ. ನಾನು ಕಣ್ಣಿನ ರೆಟಿನಾದಿಂದ ಬಂದ ಆರ್‌ಪಿಇ1 ಕೋಶ ಬಳಸುತ್ತೇನೆ, ಅದರಲ್ಲಿ ಪಿ53 ಸರಿಯಾಗಿದೆ.

ತೊಂದರೆ ಜೀನ್ ತೆಗೆಯುವ ಉಪಕರಣವಾದ ಕ್ರಿಸ್ಪರ್‌ನದ್ದೇ. ಅದರ ಕತ್ತರಿಯಾದ ಕ್ಯಾಸ್9 ಡಿಎನ್‌ಎ ಕತ್ತರಿಸಿದರೂ ಪಿ53 ಎಚ್ಚರಗೊಳ್ಳುತ್ತದೆ. ಪಿಟೆನ್ ನಷ್ಟ ಬೇರೆ ಅದನ್ನೇ ಕೆಣಕುತ್ತದೆ. ಹಾಗಾಗಿ ಚುರುಕಾಗಿ ಬೆಳೆದು ಕೈಗೆ ಸಿಗುವ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ಎಷ್ಟೋ ಸಲ ಪಿ53 ಕಳೆದುಕೊಂಡಿದ್ದೇ ಆಗಿರುತ್ತದೆ. ಕಂಟ್ರೋಲ್‌ಗೆ ಏನನ್ನೂ ಕತ್ತರಿಸದ ಗೈಡ್ (ಕ್ಯಾಸ್9ಗೆ ಜಾಗ ತೋರಿಸುವ ಆರ್‌ಎನ್‌ಎ) ಸಾಲದು, ಕತ್ತರಿಸಿದರೂ ಕೋಶಕ್ಕೆ ಹಾನಿಯಿಲ್ಲವೆನ್ನಲಾಗುವ ಎಎವಿಎಸ್1 ಜಾಗವನ್ನು ಕತ್ತರಿಸುವ ಗೈಡ್ ಇಡಿ.

96 ಗುಳಿಯ ತಟ್ಟೆಗೆ ಗುಳಿಗೆ 0.5 ಕೋಶದಂತೆ ಹಂಚಿ. ನಿಧಾನ ಬೆಳೆಯುವವನ್ನು ಬಿಸಾಡಬೇಡಿ, ನಿಮಗೆ ಬೇಕಾದ ಉತ್ತರ ಅವುಗಳಲ್ಲೇ ಇರಬಹುದು. ಪ್ರತಿ ಕ್ಲೋನ್‌ನ ನಕಲಿಗೆ ಪಿ53 ಏರಿಸುವ ನಟ್ಲಿನ್-3ಎ ಅನ್ನು 10 ಮೈಕ್ರೊಮೋಲಾರ್‌ನಲ್ಲಿ 24 ಗಂಟೆ ಕೊಟ್ಟು, ಅಷ್ಟೇ ಡಿಎಂಎಸ್ಒ (ಅದನ್ನು ಕರಗಿಸುವ ದ್ರಾವಕ) ಮಾತ್ರ ಹಾಕಿದ ಜೋಡಿಯೊಂದಿಗೆ ಪಿ21 ಬ್ಲಾಟ್ (ಪ್ರೋಟೀನನ್ನು ಬ್ಯಾಂಡ್ ಆಗಿ ತೋರಿಸುವ ಪರೀಕ್ಷೆ) ಮಾಡಿ. ಪಿ21 ಏರದಿದ್ದರೆ ಆ ಕ್ಲೋನ್ ಬದಿಗಿಡಿ. ಪಿ53 ಬ್ಯಾಂಡ್ ಕಂಡಿತೆಂದು ನಂಬಿ ಕೂರಬೇಡಿ: ರೂಪಾಂತರಗೊಂಡ ಪಿ53 ಕೆಲಸ ಮಾಡದೆಯೂ ದಪ್ಪ ಬ್ಯಾಂಡ್ ಕೊಡುತ್ತದೆ.

ಎಕೆಟಿ ಚುರುಕಾದಾಗ ಫಾಸ್ಫೇಟ್ ಸೇರುವ ಜಾಗವಾದ ಸೆರೀನ್ 473 ನೋಡುವ ಮುನ್ನ ರಾತ್ರಿಯಿಡೀ ಸೀರಂ ತೆಗೆಯಿರಿ, ಇಲ್ಲದಿದ್ದರೆ ಕಂಟ್ರೋಲ್‌ನಲ್ಲೂ ಸಂಕೇತ ಜೋರಾಗಿದ್ದು ವ್ಯತ್ಯಾಸ ಮುಚ್ಚಿಹೋಗುತ್ತದೆ. ವಿಭಜನೆ ಕಾಯಂ ನಿಂತ ಕೋಶಗಳನ್ನು ಗುರುತಿಸುವ ಬೀಟಾ-ಗ್ಯಾಲಕ್ಟೊಸಿಡೇಸ್ ಬಣ್ಣಕ್ಕೆ ಪಿಎಚ್ 6.0 ಕರಾರುವಾಕ್ಕಾಗಿರಬೇಕು. ತಟ್ಟೆಯನ್ನು ಕಾರ್ಬನ್ ಡೈಆಕ್ಸೈಡ್ ಇಲ್ಲದ 37 ಡಿಗ್ರಿಯ ಪೆಟ್ಟಿಗೆಯಲ್ಲಿಡಿ. ಮಾಮೂಲಿ ಇನ್‌ಕ್ಯುಬೇಟರ್‌ನಲ್ಲಿ ಪಿಎಚ್ ಇಳಿದು ಎಲ್ಲ ಕೋಶವೂ ನೀಲಿಯಾಗುತ್ತದೆ. ಕಿಕ್ಕಿರಿದ ತಟ್ಟೆಯೂ ಹಾಗೇ ಮೋಸ ಮಾಡುತ್ತದೆ.

ಕೊನೆಗೆ ನಾಲ್ಕು ಸಾಲು ಒಟ್ಟಿಗೆ ಬೆಳೆಸಿ ಎಣಿಸಿ: ಕಂಟ್ರೋಲ್, ಪಿಟೆನ್ ಇಲ್ಲದ್ದು, ಪಿ53 ಇಲ್ಲದ್ದು, ಎರಡೂ ಇಲ್ಲದ್ದು. ಒಂಟಿ ನಷ್ಟಗಳ ಬೆಳವಣಿಗೆ ಅನುಪಾತಗಳನ್ನು ಗುಣಿಸಿದಷ್ಟೇ ಜೋಡಿಯಲ್ಲಿ ಬಂದರೆ ಅವು ತಂತಮ್ಮ ಪಾಡಿಗೆ ಕೆಲಸ ಮಾಡಿವೆ. ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚೋ ಕಡಿಮೆಯೋ ಆದರೆ ಮಾತ್ರ ಪರಸ್ಪರ ಕ್ರಿಯೆ ಎನ್ನಬಹುದು. ಆಗಲೂ ಗೈಡ್‌ಗೆ ಸಿಗದಂತೆ ಬದಲಿಸಿದ ಪಿಟೆನ್ ಮರಳಿ ಹಾಕಿ, ಬೆಳವಣಿಗೆ ಹಿಂದಕ್ಕೆ ಬರುತ್ತದೆಯೇ ನೋಡದೆ ಚಿತ್ರ ಬಿಡಿಸಲು ಕೂರಬೇಡಿ.