ಬೇತ್ಲೆಹೇಮನ್ನು ಬಿಡಿಸಿ ಬರೆದಾಗ

ಸಂಡೇ ಸ್ಕೂಲಿನಲ್ಲಿ ಒಮ್ಮೆ ಯೆರೂಸಲೇಮ್ ಅಂದರೆ 'ಶಾಂತಿಯ ನಗರ' ಎಂದು ಹೇಳಿಬಿಟ್ಟಿದ್ದೆ. ಬೈಬಲಿನ ಹಳೆ ಒಡಂಬಡಿಕೆಯ ಭಾಷೆ ಹೀಬ್ರೂವಿನಲ್ಲಿ ಶಾಲೋಮ್ ಅಂದರೆ ಶಾಂತಿ ಅನ್ನುವುದು ಗೊತ್ತಿತ್ತು, ಅಷ್ಟೇ ನನ್ನ ಬಂಡವಾಳ. ಆಮೇಲೆ ಓದಿದರೆ, ಈಜಿಪ್ಟಿನಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಅಮರ್ನಾ ಪತ್ರಗಳಲ್ಲೇ ಆ ಊರಿನ ಹೆಸರಿದೆ, ರಾಜ ದಾವೀದ ಅದನ್ನು ಗೆಲ್ಲುವುದಕ್ಕೆ ಎಷ್ಟೋ ಮುಂಚೆ! ಆ ನಾಡಿನ ಹಳೆಯ ನಿವಾಸಿಗಳಾದ ಕಾನಾನ್ಯರ ಶಾಲೇಮ್ ಎಂಬ ದೇವರ ನೆಲೆ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮುಂದಿನ ಭಾನುವಾರ ಮಕ್ಕಳೆದುರೇ ತಿದ್ದಿಕೊಂಡೆ. ಅಂದಿನಿಂದ ಊರಿನ ಹೆಸರುಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ.

ಹೀಬ್ರೂವಿನ 22 ಅಕ್ಷರ ಕಲಿತೆ. ಭಾಷೆ ಬರುವುದಿಲ್ಲ, ಅಕ್ಷರ ಕೂಡಿಸಿ ನಿಘಂಟು ತಿರುವುವಷ್ಟು ಬರುತ್ತದೆ. ನಮ್ಮ ಲಿಪಿಯಲ್ಲಿ ಒಂದು ತೊಡಕಿದೆ: ಎರಡು ಪದ ಸೇರುವ ಜಾಗವನ್ನೇ ಒತ್ತಕ್ಷರ ಮುಚ್ಚಿಹಾಕುತ್ತದೆ. 'ಬೇತ್ಲೆಹೇಮ್'ನ ತ್ಲೆ ಒಡೆದು ಬೇತ್, ಲೆಹೇಮ್ ಎಂದು ಬೋರ್ಡಿನ ಮೇಲೆ ಬರೆದೆ. ಮನೆ, ರೊಟ್ಟಿ. ರೊಟ್ಟಿಯ ಮನೆಯಲ್ಲೇ ಬರ ಬಿದ್ದು ಬೈಬಲಿನ ರೂತಳ ಅತ್ತೆ-ಮಾವ ಪಕ್ಕದ ಮೋವಾಬ್ ನಾಡಿಗೆ ಗುಳೆ ಹೋದರು ಅಂದಾಗ ಕ್ಲಾಸು ಗಪ್‌ಚಿಪ್. ಅರಬ್ಬರ ಬಾಯಲ್ಲಿ ಅದೇ ಊರು ಬೈತ್ ಲಹ್ಮ್. ಅವರ ಭಾಷೆಯಲ್ಲಿ ಲಹ್ಮ್ ಅಂದರೆ ಮಾಂಸ.

ನನ್ನನ್ನು ಹೆಚ್ಚು ಕಾಡಿದ್ದು ಬೇರ್ಷೆಬ ಎಂಬ ಊರು. ಬೇರ್ ಅಂದರೆ ಬಾವಿ, ಅದು ಸಲೀಸು. ಆದರೆ ಷೆಬ? ಏಳು ಎಂಬುದಕ್ಕೂ ಆಣೆ ಇಡುವುದಕ್ಕೂ ಹೀಬ್ರೂವಿನಲ್ಲಿ ಅವೇ ಮೂರು ಮೂಲಾಕ್ಷರ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 21ನೇ ಅಧ್ಯಾಯದಲ್ಲಿ ಅಬ್ರಹಾಮ ಏಳು ಕುರಿಮರಿಗಳನ್ನೂ ಕೊಡುತ್ತಾನೆ, ಆಣೆಯನ್ನೂ ಇಡುತ್ತಾನೆ. 26ರಲ್ಲಿ ಅವನ ಮಗ ಇಸಾಕನ ಆಳುಗಳು ಬಾವಿ ತೋಡಿದಾಗ ಅದೇ ಹೆಸರಿಗೆ ಇನ್ನೊಂದು ಕಥೆ! ಯಾವುದು ಸರಿ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಧಾತು ಒಂದು ಕಡೆ, ಕಥೆ ಹೇಳುವ ಅರ್ಥ ಇನ್ನೊಂದು ಕಡೆ ಬರೆಯತೊಡಗಿದೆ. ಗೋಪುರದ ಕಥೆಯ ಬಾಬೆಲಿಗೆ ಇದು ತುಂಬ ಉಪಯೋಗಕ್ಕೆ ಬಂತು: ಕಥೆ 'ಗಲಿಬಿಲಿ' ಅನ್ನುತ್ತದೆ, ಬಾಬಿಲೋನಿನವರಿಗೆ ಅದು 'ದೇವರ ಬಾಗಿಲು'. ಬೆಂದಕಾಳೂರಿನ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ.

ಕಳೆದ ಬಾರಿ ಗಿಲ್ಗಾಲ್ ಎಂಬ ಊರು. ಐಗುಪ್ತದ (ಈಜಿಪ್ಟಿನ) ಅವಮಾನವನ್ನು ದೇವರು 'ಉರುಳಿಸಿದ್ದರಿಂದ' ಆ ಹೆಸರು ಎನ್ನುತ್ತದೆ ಯೆಹೋಶುವನ ಪುಸ್ತಕ. ಅದೇ ಧಾತುವಿನಿಂದ ಬಂದ ಗಲ್ಗಲ್ ಅಂದರೆ ಚಕ್ರ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಗಾಡಿ ಗಾಲಿನಾ ಟೀಚರ್?" ಎಂದ.

"ಆ ಗಾಲಿಗೂ ಇದಕ್ಕೂ ಸಂಬಂಧ ಇಲ್ಲ ಕಣೋ" ಅಂದೆ. ಆದರೆ ಆ ಕ್ಲಾಸಿನಲ್ಲಿ ಗಿಲ್ಗಾಲನ್ನು ಇವತ್ತಿಗೂ ಯಾರೂ ಮರೆತಿಲ್ಲ.